ಉಸಿರು ಅಳೆಯುವ ಟೇಪು ಬೇಕು

ನಮ್ಮ ಹುನ್ನೂರಿನಲ್ಲಿ ಕುಸ್ತಿ, ಕಬಡ್ಡಿಗೆ ಇರುವ ಮರ್ಯಾದೆ ಫುಟ್‌ಬಾಲ್‌ಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಇರಬೇಕು, ಚೆಂಡಾಟಕ್ಕೆ ಹುಡುಗರನ್ನು ಆರಿಸುವಾಗಲೂ ಹಿರಿಯರ ಕಣ್ಣು ಪೈಲ್ವಾನನನ್ನೇ ಹುಡುಕುತ್ತದೆ. ನಾನು ಸಂಜೆ ಆಡಿಸುವ ಹುಡುಗರಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಓಡಬಲ್ಲವನೊಬ್ಬನನ್ನು 14 ವರ್ಷದೊಳಗಿನವರ ಆಯ್ಕೆಯಲ್ಲಿ ‘ಇಂವ ಭಾಳ ಸಣ್ಣಾಂವ ಅದಾನ ಬಿಡ್ರಿ’ ಎಂದು ಸಾಲಿನಿಂದ ಹೊರಗಿಟ್ಟರು. ‘ಅಣ್ಣಾ, ನಾ ಇನ್ನ ಬೆಳಿಯಂಗಿಲ್ಲೇನು?’ ಎಂದು ಕೇಳಿದ.

ಬೆಳೆಯುತ್ತಾನೆ. ಗಂಡುಹುಡುಗರು ಸಾಮಾನ್ಯವಾಗಿ 14ರ ಸುಮಾರಿಗೆ ಒಮ್ಮೆಲೇ ಎತ್ತರವಾಗುತ್ತಾರೆ. ಕೆಲವರಿಗೆ ಅದು 12ಕ್ಕೇ ಬಂದರೆ, ಕೆಲವರಿಗೆ 16ಕ್ಕೆ. ಬೇಗ ಬೆಳೆದವನು ಆ ಒಂದೆರಡು ವರ್ಷ ಮಾತ್ರ ದೊಡ್ಡ ಆಟಗಾರನಂತೆ ಕಾಣುತ್ತಾನೆ. ಇದರ ಮೇಲೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋವರ್ಗ. (ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಎಷ್ಟೋ ಮಂದಿಯ ಜನ್ಮದಿನ ಜೂನ್ 1, ಆ ಮಾತು ಬೇರೆ!) ದೇಶಕ್ಕಾಗಿ 90ಕ್ಕೂ ಹೆಚ್ಚು ಗೋಲು ಹೊಡೆದ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಅವರ ಎತ್ತರ ಸುಮಾರು 170 ಸೆಂ.ಮೀ. ಮಾತ್ರ.

90 ನಿಮಿಷದ ಪಂದ್ಯದಲ್ಲಿ ಒಳ್ಳೆಯ ಆಟಗಾರ 10ರಿಂದ 12 ಕಿ.ಮೀ. ಓಡುತ್ತಾನೆ. ಅಷ್ಟು ಓಡಲು ಬೇಕಾದದ್ದು ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ. ಅದನ್ನು ಅಳೆಯುವುದು ದೇಹತೂಕದ ಪ್ರತಿ ಕಿಲೋಗೆ ಇಷ್ಟು ಮಿ.ಲೀ. ಎಂದು. ಆದ್ದರಿಂದ ಬೇಡದ ಕೊಬ್ಬು ಹೊತ್ತವನ ಲೆಕ್ಕ ತಾನಾಗಿಯೇ ಇಳಿಯುತ್ತದೆ, ಸಣಕಲನದು ಏರಬಹುದು. ಪ್ರಯೋಗಾಲಯ ಬೇಕೆಂದೇನಿಲ್ಲ. ಅಮೆರಿಕದ ವೈದ್ಯ ಕೆನ್ನೆತ್ ಕೂಪರ್ 1968ರಲ್ಲಿ ಕೊಟ್ಟ ಉಪಾಯ ಸರಳ: 12 ನಿಮಿಷ ಓಡಿಸಿ, ಓಡಿದ ಮೀಟರ್‌ಗಳಲ್ಲಿ 504.9 ಕಳೆದು 44.73ರಿಂದ ಭಾಗಿಸಿ. 2400 ಮೀಟರ್ ಓಡಿದವನಿಗೆ ಸುಮಾರು 42, 2800 ಓಡಿದವನಿಗೆ 51. ಅಂದಾಜೇ ಇರಬಹುದು, ಆದರೂ ಭುಜದ ಅಗಲ ನೋಡಿ ತೀರ್ಮಾನಿಸುವುದಕ್ಕಿಂತ ಸಾವಿರ ಪಾಲು ಮೇಲು. ಶಾಲೆಯ ಮೈದಾನ, ಟೇಪು, ಮೊಬೈಲಿನ ಗಡಿಯಾರ ಇದ್ದರೆ ಸಾಕು.

ಎತ್ತರ ನಮ್ಮ ಕೈಯಲ್ಲಿಲ್ಲ, ದಮ್ಮು ಮಾತ್ರ ಇದೆ. ನಾರ್ವೆಯ ಕಿರಿಯ ಆಟಗಾರರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 4 ನಿಮಿಷ ಜೋರಾಗಿ ಓಡಿ 3 ನಿಮಿಷ ಹಗುರವಾಗಿ ಓಡುವುದನ್ನು 4 ಸಲ ಮಾಡಿಸಿದರು. ವಾರಕ್ಕೆ 2 ದಿನ, 8 ವಾರ. ಅವರ ಲೆಕ್ಕ 58ರಿಂದ 64ಕ್ಕೆ ಏರಿತು. ಪಂದ್ಯದಲ್ಲಿ ಓಡಿದ ದೂರ ಶೇ 20ರಷ್ಟು ಹೆಚ್ಚಾಯಿತು. ನನಗೆ ಹೆಚ್ಚು ಹಿಡಿಸಿದ್ದು, ಚೆಂಡಿನೊಂದಿಗಿನ ಅವರ ಒಡನಾಟವೂ ಹೆಚ್ಚಾಯಿತೆಂಬುದು.

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುತ್ತಿರುವ ಗೆಳೆಯರೂ ಇದೇ ಅಭ್ಯಾಸ ಹಿಡಿಯಬಹುದು. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸುವುದೆಂದರೆ 400 ಮೀಟರಿನ ಪ್ರತಿ ಸುತ್ತಿಗೆ 97 ಸೆಕೆಂಡು. ಮೊದಲ ಸುತ್ತನ್ನೇ 75ರಲ್ಲಿ ಓಡಿದವರು ಮೂರನೆಯದರಲ್ಲಿ ಪಕ್ಕೆ ಹಿಡಿದುಕೊಂಡು ನಿಲ್ಲುವುದನ್ನು ಮೈದಾನದಲ್ಲಿ ದಿನಾ ನೋಡುತ್ತೇನೆ.