ಬಲಗುಂದಿದ ಕೈಗೆ ಎಂಥ ಪಿಸ್ತೂಲು?

ಕಿತ್ತೂರ ಕೋಟೆಯ ಮುಂದೆ 1824ನೆಯ ಇಸವಿ ಅಕ್ಟೋಬರ್ 23ರಂದು ಥ್ಯಾಕರೆ ಸಾಹೇಬನು ಹತನಾದ ಸಂಗತಿಯನ್ನು ನಮ್ಮ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಅಂದಿನ ತುಪಾಕಿಯನ್ನು ತುಂಬಬೇಕಾದರೆ ನಳಿಗೆಯ ಬಾಯಲ್ಲಿ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿಯಬೇಕಾಗಿತ್ತು. ಅದಕ್ಕೆ ಬೇಕಾದದ್ದು ತೋಳಿನ ಬಲ. ಇಂದಿನ ಪಿಸ್ತೂಲಿಗೆ ಬೇಕಾದದ್ದು ಬೆರಳಿನ ಬಲ. ಮುಪ್ಪಿನಲ್ಲಿ ತೋಳಿಗಿಂತ ಮೊದಲು ಸೋಲುವುವು ಬೆರಳುಗಳೇ ಆದ್ದರಿಂದ ಈ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆ ಊರ ಹೊರಗೆ ಹೊಲದ ಮನೆಗಳಲ್ಲಿ ಇರುವವರೂ ಪೇಟೆಯಲ್ಲಿ ಚಿನ್ನ ಬೆಳ್ಳಿಯ ವ್ಯಾಪಾರ ಮಾಡುವವರೂ ಲೈಸೆನ್ಸು ಪಡೆದು ಆಯುಧ ಇಟ್ಟುಕೊಳ್ಳುವುದುಂಟು. ಅವರಲ್ಲಿ ಸಂಧಿವಾತದಿಂದ ಬೆರಳು ಬಿಗಿದ ಹಿರಿಯರೂ ಇರುತ್ತಾರೆ, ಮೃದುವಾದ ಹಿಡಿತದ ಹೆಣ್ಣುಮಕ್ಕಳೂ ಇರುತ್ತಾರೆ. ಇಂಥವರು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಕೇಳಿಬರುವ ಉಪದೇಶ ಒಂದೇ: "ಸಣ್ಣದು ತಗೋರಿ ಅಕ್ಕಾರ, ಹಗುರ ಐತಿ, ಕೈಗೆ ಹಿತ ಆಗತೈತಿ." ಈ ಉಪದೇಶ ಅರ್ಧ ಮಾತ್ರ ಸತ್ಯ. ಶಾಲೆಯ ಎನ್.ಸಿ.ಸಿ. ಹುಡುಗರ ಸಂಗಡ ಗುರಿಯಭ್ಯಾಸದ ಬಯಲಿನಲ್ಲಿ ಹಲವು ವರುಷ ನಿಂತವನಾದ್ದರಿಂದ, ಉಳಿದರ್ಧವನ್ನು ಹೇಳುವ ಧೈರ್ಯ ಮಾಡುತ್ತೇನೆ.

ನಮ್ಮ ದೇಶದಲ್ಲಿ 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಆದುದರಿಂದ ಆಯ್ಕೆ ಬಹುಮಟ್ಟಿಗೆ .32 ಅಳತೆಯಲ್ಲಿಯೇ ನಡೆಯಬೇಕು. ಈ .32 ಪಿಸ್ತೂಲಿನ ತೋಟಾ ಅಮೆರಿಕದ ಜಾನ್ ಬ್ರೌನಿಂಗ್ ಎಂಬ ಶಿಲ್ಪಿಯು 1899ರ ಸುಮಾರಿಗೆ ರೂಪಿಸಿದ್ದು. ನಮ್ಮ ಸರ್ಕಾರಿ ಕಾರ್ಖಾನೆಯ .32 ಪಿಸ್ತೂಲಿಗೆ 'ಅಶನಿ' ಎಂದು ಹೆಸರು. ಅಶನಿಯೆಂದರೆ ಸಿಡಿಲು. ಹಳಗನ್ನಡ ಓದಿದವರಿಗೆ ಪರಿಚಿತವಾದ ಪದವಿದು. ಕಾರ್ಖಾನೆಯ ಹೆಸರಿನಲ್ಲಿ ಅದನ್ನು ಕಂಡು ನನಗಂತೂ ಸಂತೋಷವಾಯಿತು.

ಈ ಜಾತಿಯ ಪಿಸ್ತೂಲಿನ ಮೇಲ್ಭಾಗದಲ್ಲಿ ಸ್ಲೈಡ್ ಎಂಬ ಜಾರುವ ಉಕ್ಕಿನ ಕವಚವಿರುತ್ತದೆ. ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ ತೋಟಾಗಳಿರುತ್ತವೆ. ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಮೇಲಿನ ತೋಟಾ ನಳಿಗೆಯನ್ನು ಸೇರುತ್ತದೆ. ಹಾರಿಸಿದಾಗ ಹಿಂದೊದೆಯುವ ರಭಸವನ್ನು ತಡೆಯಲು ಇದರಲ್ಲಿ ಬೇರೆ ಅಗುಳಿಯಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ, ಇವೆರಡೇ ಆಧಾರ. ಪಿಸ್ತೂಲು ಚಿಕ್ಕದಾದಷ್ಟೂ ಸ್ಲೈಡಿನ ತೂಕ ಕಡಿಮೆಯಾಗುತ್ತದೆ. ತೂಕ ಕಡಿಮೆಯಾದುದನ್ನು ಸ್ಪ್ರಿಂಗಿನ ಬಿಗಿಯಿಂದ ತುಂಬಬೇಕಾಗುತ್ತದೆ. ಮೇಲಾಗಿ ಚಿಕ್ಕ ಸ್ಲೈಡಿನಲ್ಲಿ ಬೆರಳು ಊರಲು ಎಡೆಯೂ ಸಾಲದು. ಅಂಗಿಯ ಕಿಸೆಯಲ್ಲಿ ಹಿಡಿಯುವ ಪುಟ್ಟ ಪಿಸ್ತೂಲು ಎಳೆಯುವಾಗ ಮೊಂಡು ಎತ್ತಿನಂತೆ ಹಟ ಹಿಡಿಯುವುದು ಈ ಕಾರಣದಿಂದ. ಆದ್ದರಿಂದ ಬಲಗುಂದಿದ ಕೈಯವರು ತೀರ ಪುಟ್ಟದ್ದಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನು, ಸ್ಲೈಡಿನ ಮೈಮೇಲೆ ಆಳವಾದ ಗೀರುಗಳುಳ್ಳದ್ದನ್ನು ನೋಡುವುದು ಲೇಸು. ಹ್ಯಾಮರ್ ಹೊರಗೆ ಕಾಣುವಂತಿದ್ದರೆ ಇನ್ನೂ ಅನುಕೂಲ. ಮೊದಲು ಹ್ಯಾಮರನ್ನು ಹಿಂದಕ್ಕೆ ಮಡಿಸಿಕೊಂಡರೆ ಸ್ಲೈಡಿಗೆ ಅದನ್ನೂ ತಳ್ಳುವ ಭಾರ ತಪ್ಪಿ ಎಳೆತ ಹಗುರಾಗುತ್ತದೆ.

ಎಳೆಯುವ ಕ್ರಮವೂ ಮುಖ್ಯ. ಅನೇಕರು ಹೆಬ್ಬೆರಳು ತೋರುಬೆರಳುಗಳಿಂದ ಸ್ಲೈಡನ್ನು ಚಿವುಟಿ ಎಳೆಯುತ್ತಾರೆ. ಅದು ಬೆರಳ ತುದಿಯ ಕೆಲಸ, ಬೇಗ ಸೋಲುತ್ತದೆ. ಟ್ರಿಗರಿನಿಂದ ಬೆರಳು ದೂರವಿಟ್ಟು, ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೆ ತಿರುಗಿಸಿ, ಎದೆಯ ಸಮೀಪ ತಂದುಕೊಂಡು, ಎಡಗೈಯ ಇಡೀ ಮುಷ್ಟಿಯಿಂದ ಸ್ಲೈಡನ್ನು ಮೇಲಿನಿಂದ ಹಿಡಿಯಬೇಕು. ಆಮೇಲೆ ಎಡಗೈಯನ್ನು ಎಳೆಯುವ ಬದಲು, ಪಿಸ್ತೂಲು ಹಿಡಿದ ಬಲಗೈಯನ್ನು ಮುಂದಕ್ಕೆ ನೂಕಬೇಕು. ಆಗ ಭುಜದ ಬಲ ನೆರವಿಗೆ ಬರುತ್ತದೆ. ಬೀಸುಕಲ್ಲು ತಿರುವಿದ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮ್ಯಾಗಜಿನ್ ತುಂಬುವಾಗ ಕಡೆಯ ಒಂದೆರಡು ತೋಟಾ ಹೆಬ್ಬೆರಳನ್ನು ನೋಯಿಸುತ್ತವೆ. ಅದಕ್ಕೆ ಚಿಕ್ಕ ಸಲಕರಣೆ ಸಿಗುತ್ತದೆ. ಇಲ್ಲವೇ ಒಂದೆರಡು ಕಡಿಮೆ ತುಂಬಿದರಾಯಿತು.

ಹೊರದೇಶಗಳಲ್ಲಿ ಇಂಥ ಕೈಗಳಿಗೆಂದೇ ಪಿಸ್ತೂಲು ಮಾಡಿದ್ದುಂಟು. ಇಟಲಿಯ ಬೆರೆಟ್ಟಾದವರ ಕೆಲವು ಪಿಸ್ತೂಲುಗಳಲ್ಲಿ ನಳಿಗೆಯ ಹಿಂಬದಿಯೇ ಮೇಲಕ್ಕೆ ತೆರೆದುಕೊಳ್ಳುತ್ತದೆ. ಸ್ಲೈಡ್ ಎಳೆಯದೆ ತೋಟಾ ಇಡಬಹುದು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 2018ರಲ್ಲಿ ಸುಲಭವಾಗಿ ಎಳೆಯುವ ಸ್ಲೈಡಿನ ಪಿಸ್ತೂಲನ್ನು ಹೊರತಂದಿತು. ಆದರೆ 1980ರ ದಶಕದ ನಡುವಿನಿಂದ ನಮ್ಮಲ್ಲಿ ವ್ಯಾಪಾರಕ್ಕಾಗಿ ಪರದೇಶದ ಪಿಸ್ತೂಲುಗಳನ್ನು ತರಿಸುವುದು ನಿಂತುಹೋಗಿರುವುದರಿಂದ ಅವುಗಳ ವರ್ಣನೆಯಿಂದ ನಮಗೆ ಹೆಚ್ಚಿನ ಪ್ರಯೋಜನವಿಲ್ಲ.

ಸ್ಲೈಡ್ ಸಾಗದವರಿಗೆ ರಿವಾಲ್ವರ್ ಇದೆ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರಿನ ಹಳೆಯ ಮಾದರಿ ವೆಬ್ಲಿ ಪದ್ಧತಿಯದು. ಕೀಲು ಒತ್ತಿ ನಳಿಗೆಯನ್ನು ಬಗ್ಗಿಸಿದರೆ ಆರೂ ಗೂಡುಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ, ಖಾಲಿ ತೋಟಾಗಳು ತಾವಾಗಿ ಮೇಲೇಳುತ್ತವೆ. 2014ರಲ್ಲಿ ಸ್ತ್ರೀಯರಿಗಾಗಿಯೇ ಎಂದು ಬಂದ 'ನಿರ್ಭೀಕ್' ಸುಮಾರು ಅರ್ಧ ಕಿಲೋ ತೂಕದ್ದು. ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರಲ್ಲಿ ಬಂದ 'ಪ್ರಬಲ್' ಎಂಬುದರಲ್ಲಿ ತೋಟಾಗಳ ಉರುಳೆ ಪಕ್ಕಕ್ಕೆ ಹೊರಳುತ್ತದೆ. ಅದರ ತೂಕ ತೋಟಾ ಬಿಟ್ಟು 675 ಗ್ರಾಂ. ತುಂಬುವುದು ಎರಡರಲ್ಲಿಯೂ ಸುಲಭ. ಕಷ್ಟವಿರುವುದು ಟ್ರಿಗರಿನಲ್ಲಿ. ಹ್ಯಾಮರ್ ಮಡಿಸದೆ ಹಾರಿಸುವಾಗ ಟ್ರಿಗರನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು. ಹೆಬ್ಬೆರಳಿನಿಂದ ಹ್ಯಾಮರ್ ಮಡಿಸಿಕೊಂಡರೆ ಎಳೆತವೇನೋ ಹಗುರ, ಆದರೆ ನಡುಗುವ ಕೈಯಲ್ಲಿ ಮಡಿಸಿದ ಹ್ಯಾಮರ್ ಅಪಾಯಕರ. ತೂಕ ಕಡಿಮೆಯಾದಂತೆ ಒದೆತ ಹೆಚ್ಚು ಎಂಬುದನ್ನೂ ಮರೆಯಬಾರದು. ಆದಾಗ್ಯೂ ಸಂಧಿವಾತದ ಕೈಗೆ ಎರಡರಲ್ಲಿ ಒಂದನ್ನು ಹೇಳೆಂದರೆ ನಾನು ರಿವಾಲ್ವರನ್ನೇ ಹೇಳುವೆನು. ಅದಕ್ಕೆ ಕಾರಣ ತುಂಬುವುದಲ್ಲ, ಬರಿದು ಮಾಡುವುದು.

ಪಿಸ್ತೂಲು ಕೊಳ್ಳುವವರೆಲ್ಲ ತುಂಬಲು ಬರುವುದೋ ಎಂದು ನೋಡುತ್ತಾರೆ, ಬರಿದು ಮಾಡಲು ಬರುವುದೋ ಎಂದು ನೋಡುವವರು ವಿರಳ. ಮ್ಯಾಗಜಿನ್ ತೆಗೆದೊಡನೆ ಪಿಸ್ತೂಲು ಬರಿದಾಯಿತೆಂಬ ಭ್ರಮೆ ಬಹಳ ಜನರಲ್ಲಿದೆ. ನಳಿಗೆಯಲ್ಲಿ ಒಂದು ತೋಟಾ ಕುಳಿತೇ ಇರುತ್ತದೆ, ಮತ್ತು ಹಲವು ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದೆಯೂ ಹಾರುತ್ತವೆ. ಅದನ್ನು ಹೊರತೆಗೆಯಲು ಸ್ಲೈಡನ್ನು ಪೂರ್ತಿ ಎಳೆದು, ಗೂಡನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಸೋತ ಕೈ ಅರ್ಧ ಎಳೆದು ಬಿಟ್ಟುಬಿಡುತ್ತದೆ. ತೋಟಾ ಅಲ್ಲಿಯೇ ಉಳಿಯುತ್ತದೆ. ಸಂಜೆಗೆ ಮೊಮ್ಮಗು ಆ ಕಪಾಟಿನ ಬಾಗಿಲು ತೆರೆಯುತ್ತದೆ. ಚುನಾವಣೆಯ ಕಾಲದಲ್ಲಿ ಆಯುಧವನ್ನು ಪೋಲೀಸು ಠಾಣೆಗೆ ಒಪ್ಪಿಸಬೇಕಾಗಿ ಬಂದಾಗಲೂ ಇದೇ ಕೆಲಸ ಮಾಡಬೇಕು.

ಆದ್ದರಿಂದ ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಹೀಗಿರಲಿ. ಆಯುಧ ಬರಿದಾಗಿರುವುದನ್ನು ಅಂಗಡಿಯವರೊಡನೆ ನೋಡಿಕೊಂಡು, ಸ್ಲೈಡನ್ನು ಹತ್ತು ಸಲ ತುದಿಯವರೆಗೆ ಎಳೆಯಿರಿ. ಹತ್ತನೆಯದು ಮೊದಲನೆಯದರಷ್ಟೇ ಪೂರ್ಣವಾಗಿರಬೇಕು. ಸಂಧಿವಾತದವರ ಬೆರಳು ಮುಂಜಾನೆ ಅತಿ ಬಿಗಿಯಾಗಿರುತ್ತವೆ, ಅಂಗಡಿ ತೆರೆಯುವ ಹೊತ್ತಿಗೆ ಸಡಿಲಾಗಿರುತ್ತವೆ. ಅಂಗಡಿಯಲ್ಲಿ ಕಷ್ಟದಿಂದ ಆದದ್ದು ನಸುಕಿನಲ್ಲಿ ಆಗುವುದಿಲ್ಲವೆಂದೇ ತಿಳಿಯಿರಿ. 2016ರ ಆಯುಧ ನಿಯಮಗಳಂತೆ ಅರ್ಜಿದಾರರು ತರಬೇತಿ ಪಡೆಯಬೇಕು, ವೈದ್ಯರ ಪತ್ರವನ್ನೂ ತರಬೇಕು. ವೈದ್ಯರು ಶರೀರ ಮನಸ್ಸುಗಳ ಸ್ವಾಸ್ಥ್ಯ ನೋಡುತ್ತಾರೆ; ಸ್ಲೈಡನ್ನು ಎಳೆದು ನೋಡಬೇಕಾದವರು ನೀವೇ.

ಯಾವುದೂ ಸಾಧ್ಯವಾಗದಿದ್ದರೆ ಕೊಳ್ಳದಿರುವುದೇ ಆಯ್ಕೆ. ಈಗಾಗಲೇ ಮನೆಯಲ್ಲಿ ಆಯುಧವಿದ್ದು ಕೈ ಸೋತವರಿಗೂ ನಿಯಮದಲ್ಲಿ ದಾರಿಯಿದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧ ಅವರಲ್ಲಿದ್ದು 25 ವರ್ಷಗಳಾಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸು ಕೋರಬಹುದು. ಅಲ್ಲಿಯವರೆಗೆ ಆಯುಧವನ್ನು ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಠಾಣೆಯಲ್ಲಿಯೋ ಠೇವಣಿ ಇಟ್ಟು ರಸೀತಿ ಪಡೆಯಬಹುದು. ಅರ್ಜಿ ಸಲ್ಲಬೇಕಾದುದು ಬೆಳಗಾವಿಯ ಜಿಲ್ಲಾಧಿಕಾರಿಗಳ ಕಚೇರಿಗೆ.