ಮಲಾಕ್ಕಾದ ಹಳೇ ಬೀದಿಗಳು: ಕಟ್ಟಡ ಉಳಿಯಿತು, ಬಾಡಿಗೆದಾರರು ಎಲ್ಲಿ ಹೋದರು?

ಮಲೇಷ್ಯಾದ ಮಲಾಕ್ಕಾ ನಗರದ ಹಳೇ ಭಾಗ ನೋಡೋಕೆ ಆಟೋ, ಟ್ಯಾಕ್ಸಿ ಏನೂ ಬೇಡ. ನದಿಯ ಒಂದು ದಡದಲ್ಲಿ ಡಚ್ಚರ ಕಾಲದ ಕೆಂಪು ಆಡಳಿತ ಭವನ, ಇನ್ನೊಂದು ದಡದಲ್ಲಿ ವ್ಯಾಪಾರಿಗಳ ಬೀದಿಗಳು, ನಡುವೆ ಒಂದು ಸೇತುವೆ. ಬಿಸಿಲು ಏರೋ ಮುಂಚೆ ಅಂತ ಬೆಳಗ್ಗೆ ಏಳಕ್ಕೇ ಹೊರಟೆ.

ಈ ಊರನ್ನು 1511ರಲ್ಲಿ ಪೋರ್ಚುಗೀಸರು, 1641ರಲ್ಲಿ ಡಚ್ಚರು ಗೆದ್ದುಕೊಂಡರು. 1824ರ ಒಪ್ಪಂದದಲ್ಲಿ ಅದು ಬ್ರಿಟಿಷರ ಪಾಲಾಯಿತು. ಆದರೆ ಊರು ಬೆಳೆದಿದ್ದು ಆಳಿದವರಿಂದ ಮಾತ್ರ ಅಲ್ಲ. ಅಕ್ಕಸಾಲಿಗರ ಬೀದಿಗೆ ಹೋದರೆ ವಿನಾಯಕನ ಗುಡಿ ಸಿಗುತ್ತೆ. ಅದನ್ನು 1781ರಲ್ಲಿ ಕಟ್ಟಿದ್ದು ಅಲ್ಲೇ ನೆಲೆಸಿದ ತಮಿಳು ಮೂಲದ ಚಿಟ್ಟಿ ಸಮುದಾಯ. ಪಕ್ಕದಲ್ಲೇ ಭಾರತೀಯ ಮುಸ್ಲಿಂ ವ್ಯಾಪಾರಿಗಳ ಕಂಪುಂಗ್ ಕ್ಲಿಂಗ್ ಮಸೀದಿ, ಇನ್ನೂ ನಾಲ್ಕು ಹೆಜ್ಜೆ ಹಾಕಿದರೆ ಚೀನೀಯರ ಚೆಂಗ್ ಹೂನ್ ತೆಂಗ್ ದೇವಾಲಯ. 'ಕ್ಲಿಂಗ್' ಪದದ ಮೂಲ ನಮ್ಮ ಕಳಿಂಗ. ಇವತ್ತು ಅದೇ ಪದ ಭಾರತೀಯ ಮೂಲದವರನ್ನು ಹೀಯಾಳಿಸುವ ಬೈಗುಳ.

ಇಲ್ಲಿನ ಮನೆಗಳ ಮುಂಭಾಗ ಕಿರಿದು, ಒಳಗೆ ಮಾತ್ರ ಉದ್ದಕ್ಕೂ ಹೋಗುತ್ತೆ. ನಡುವೆ ನಮ್ಮ ತೊಟ್ಟಿ ಮನೆಯ ಹಾಗೆ ಗಾಳಿ ಬೆಳಕಿಗೆ ತೆರೆದ ಜಾಗ. ಕೆಳಗೆ ಅಂಗಡಿ, ಮೇಲೆ ಸಂಸಾರ. ಆದರೆ ಈಗ ಕೆಳಗೆ ಕೆಫೆ, ಮೇಲೆ ಪ್ರವಾಸಿಗರ ರೂಮು. ಅಕ್ಕಸಾಲಿಗ, ಕಮ್ಮಾರ ಅನ್ನೋ ಕಸುಬುಗಳು ಬೀದಿ ಹೆಸರಿನ ಫಲಕದಲ್ಲಿ ಕಾಣುವಷ್ಟು ಅಂಗಡಿಗಳಲ್ಲಿ ಕಾಣಲಿಲ್ಲ.

ಹೀಗ್ಯಾಕಾಯ್ತು? ಉತ್ತರ ಒಂದು ಕಾಯ್ದೆಯಲ್ಲಿದೆ. 1966ರ ಬಾಡಿಗೆ ನಿಯಂತ್ರಣ ಕಾಯ್ದೆ 1948ಕ್ಕಿಂತ ಹಿಂದಿನ ಕಟ್ಟಡಗಳಿಗೆ ಅನ್ವಯಿಸುತ್ತಿತ್ತು. ಮಾಲೀಕರು ಮನಬಂದಂತೆ ಬಾಡಿಗೆ ಏರಿಸುವ ಹಾಗಿರಲಿಲ್ಲ, ಸುಲಭವಾಗಿ ಖಾಲಿ ಮಾಡಿಸುವ ಹಾಗೂ ಇರಲಿಲ್ಲ. ಇದರಿಂದ ನಷ್ಟವೂ ಇತ್ತು: ಪುಡಿಗಾಸು ಬಾಡಿಗೆಗೆ ಯಾರು ರಿಪೇರಿ ಮಾಡಿಸ್ತಾರೆ? ಎಷ್ಟೋ ಕಟ್ಟಡ ಸೋರುತ್ತಾ, ಕುಸಿಯುತ್ತಾ ನಿಂತವು. ಆದರೆ ಕೆಡವಿ ಹೊಸದು ಕಟ್ಟೋದು ಕಷ್ಟವಾಗಿದ್ದರಿಂದಲೇ ಹಳೇ ಬೀದಿಗಳೂ ಉಳಿದವು, ಅಲ್ಲಿನ ಸಣ್ಣ ಕಸುಬಿನವರೂ ಉಳಿದರು.

1997ರಲ್ಲಿ ಕಾಯ್ದೆ ರದ್ದಾಯಿತು. 1999ರ ಕೊನೆಗೆ ವಿನಾಯಿತಿ ಅವಧಿಯೂ ಮುಗಿಯಿತು. ಬಾಡಿಗೆ ಜಿಗಿಯಿತು, ಬಾಡಿಗೆದಾರರು ಜಾಗ ಖಾಲಿ ಮಾಡಿದರು. 2008ರಲ್ಲಿ ಜಾರ್ಜ್ ಟೌನ್ ಜೊತೆ ಮಲಾಕ್ಕಾಗೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಆ ಹೊತ್ತಿಗೆ ಬಡವರನ್ನು ಅಲ್ಲಿ ಉಳಿಸಿಕೊಂಡಿದ್ದ ಕಾನೂನೇ ಇರಲಿಲ್ಲ.

ಪರಂಪರೆಯ ನಿಯಮಗಳು ಗೋಡೆ, ಹೆಂಚು, ಕಿಟಕಿ ಕಾಯುತ್ತವೆ. ಬಾಡಿಗೆ ಕರಾರು ಕಾಯೋದಿಲ್ಲ. ಹಳೇ ಪೇಟೆ ಉಳಿಸಬೇಕು ಅಂತ ನಾವು ಕೇಳುವಾಗ ಬಾಡಿಗೆದಾರರ ಹಕ್ಕನ್ನೂ ಅದೇ ಅರ್ಜಿಯಲ್ಲಿ ಸೇರಿಸಬೇಕು. ಆಮೇಲೆ ಸೇರಿಸೋಣ ಅಂದರೆ ಏನಾಗುತ್ತೆ ಅನ್ನೋದಕ್ಕೆ ಮಲಾಕ್ಕಾ ಸಾಕ್ಷಿ. ಅಲ್ಲಿಗೆ ಹೋದರೆ ಬಣ್ಣದ ಗೋಡೆ ಜೊತೆ ಮಹಡಿಯ ಕಿಟಕಿಗಳನ್ನೂ ನೋಡಿ, ಎಲ್ಲಾದರೂ ಒಗೆದ ಬಟ್ಟೆ ಒಣಗುತ್ತಿದೆಯಾ ಅಂತ. ನನಗೆ ಆ ಬೆಳಗ್ಗೆ ಕಂಡಿದ್ದು ಎರಡೇ ಮನೆ.