ಸೋಫಾದೊಳಗಿನ ಹಾಡು, ಚೀಲದೊಳಗಿನ ತಟ್ಟೆ

ಹೊಸ ಹಾಡುಗಳ ಗುಚ್ಛವೊಂದು, ಅಂದರೆ ಆಲ್ಬಮ್ಮೊಂದು, ಹೊರಬರುವುದಕ್ಕೆ ವಾರಗಟ್ಟಲೆ ಮೊದಲೇ ಅದರ ತುಣುಕುಗಳು, ಮುಖಚಿತ್ರ ಮತ್ತು ಸಂದರ್ಶನಗಳು ಕೇಳುಗರ ಮೊಬೈಲಿಗೆ ಬಂದು ಬೀಳುವ ಈ ಕಾಲದಲ್ಲಿ, ಸದ್ದುಗದ್ದಲವಿಲ್ಲದೆ ಗ್ರಾಮಫೋನ್ ತಟ್ಟೆಯ ರೂಪದಲ್ಲಿ ಮಾತ್ರ ಹಾಡುಗಳನ್ನು ಹೊರತರುವ ಪದ್ಧತಿಯೊಂದು ಅಮೆರಿಕ ಮತ್ತು ಬ್ರಿಟನ್ನಿನ ಸ್ವತಂತ್ರ ಸಂಗೀತಗಾರರ ನಡುವೆ ಉಳಿದುಕೊಂಡು ಬಂದಿದೆ. ಇಂಡಿ ಎಂಬ ಹ್ರಸ್ವನಾಮದಿಂದ ಕರೆಯಲಾಗುವ ಈ ವರ್ಗಕ್ಕೆ ಸೇರಿದವರು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ದೊಡ್ಡ ಕಂಪನಿಗಳ ಹಂಗಿಲ್ಲದೆ, ಸ್ವಂತ ಅಥವಾ ಚಿಕ್ಕ ಸಂಸ್ಥೆಗಳ ಮೂಲಕ ತಮ್ಮ ಹಾಡುಗಳನ್ನು ಪ್ರಕಟಿಸುತ್ತಾರೆ. ಅವರ ಅಭಿಮಾನಿಗಳ ಕಾಯುವಿಕೆಯೂ ಬೇರೆ ಬಗೆಯದು. ಏನು ಬರುತ್ತದೆ, ಯಾವಾಗ ಬರುತ್ತದೆ, ಬಂದರೂ ತಮ್ಮ ಕೈಗೆ ಸಿಗುತ್ತದೆಯೇ ಎಂಬುದು ತಿಳಿಯದೆಯೇ ಅವರು ಕಾಯುತ್ತಾರೆ; ಆ ತಿಳಿಯದಿರುವಿಕೆಯೇ ಅವರಿಗೆ ಸಂಗೀತದ ಅರ್ಧ ಸುಖವೆಂದರೂ ತಪ್ಪಾಗಲಾರದು.

ಈ ಪದ್ಧತಿಯ ಅತ್ಯಂತ ವಿಚಿತ್ರ ಉದಾಹರಣೆ 2024ರ ಜುಲೈ 19ರಂದು ಕಾಣಿಸಿಕೊಂಡಿತು. ಅಂದು ನ್ಯಾಶ್‌ವಿಲ್, ಡೆಟ್ರಾಯಿಟ್ ಮತ್ತು ಲಂಡನ್ ನಗರಗಳಲ್ಲಿರುವ ಥರ್ಡ್ ಮ್ಯಾನ್ ರೆಕಾರ್ಡ್ಸ್ ಸಂಸ್ಥೆಯ ಅಂಗಡಿಗಳಲ್ಲಿ ಬೇರೇನನ್ನೋ ಕೊಂಡವರ ಚೀಲದೊಳಕ್ಕೆ ಅಂಗಡಿಯವರು ಬಿಳಿ ಹೊದಿಕೆಯ ಒಂದು ತಟ್ಟೆಯನ್ನು, ಹಣ ಕೇಳದೆ, ವಿವರಣೆಯನ್ನೂ ಕೊಡದೆ ಸೇರಿಸಿ ಕಳುಹಿಸಿದರು. ಅದರ ಮೇಲೆ ಹಾಡಿದವರ ಹೆಸರಿರಲಿಲ್ಲ, ಹಾಡುಗಳ ಪಟ್ಟಿಯೂ ಇರಲಿಲ್ಲ. ಇದ್ದದ್ದು ‘ನೋ ನೇಮ್’, ಅಂದರೆ ಹೆಸರಿಲ್ಲ, ಎಂಬ ಎರಡು ಪದ ಮಾತ್ರ. ಮನೆಗೆ ಹೋಗಿ ಮುಳ್ಳಿಟ್ಟು ನೋಡಿದವರಿಗೆ ಅದು ಸಂಸ್ಥೆಯ ಒಡೆಯ ಜ್ಯಾಕ್ ವೈಟ್‌ನ ಕಂಠ ಮತ್ತು ಗಿಟಾರ್ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡೂ ಬದಿ ಸೇರಿ 13 ಹಾಡುಗಳಿದ್ದ ಇಡೀ ಹೊಸ ಆಲ್ಬಮ್ ಅದಾಗಿತ್ತು. ಸುದ್ದಿ ಹಬ್ಬುತ್ತಿದ್ದಂತೆ ಸಂಸ್ಥೆ ತಟ್ಟೆಯ ಹಾಡುಗಳನ್ನು ನಕಲು ಮಾಡಿಕೊಳ್ಳಿರೆಂದು ತಾನೇ ಕೇಳುಗರನ್ನು ಹುರಿದುಂಬಿಸಿತು. ನಕಲು ತಡೆಯುವುದೇ ಕಸುಬಾಗಿರುವ ಉದ್ಯಮದಲ್ಲಿ ಇದು ತಲೆಕೆಳಗಾದ ನಡೆ.

ಧ್ವನಿಮುದ್ರಣದ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಇನ್ನೊಂದು ವೈಚಿತ್ರ್ಯವೂ ಹೊಳೆಯಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ವಾಣಿಜ್ಯ ಧ್ವನಿಮುದ್ರಣಗಳು ನಡೆದಾಗ ಹಾಡಿದವರಲ್ಲಿ ಪ್ರಮುಖರಾದ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಧ್ವನಿ ಯಾರದೆಂದು ಗುರುತಿಸಲು ಇದು ನೆರವಾಗುತ್ತಿತ್ತು. ಹೆಸರು ಕೂಗಿ ಹೇಳಿದ ಆ ಕಾಲದಿಂದ ಹೆಸರು ಮುಚ್ಚಿಡುವುದೇ ಆಕರ್ಷಣೆಯಾದ ಕಾಲದವರೆಗೆ ತಟ್ಟೆ ನಡೆದು ಬಂದ ದಾರಿ ಸಣ್ಣದಲ್ಲ.

ಥರ್ಡ್ ಮ್ಯಾನ್ ಸಂಸ್ಥೆಯ ಚರಿತ್ರೆಯನ್ನು ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. 1997ರಲ್ಲಿ ಡೆಟ್ರಾಯಿಟ್‌ನಲ್ಲಿ ಮೆಗ್ ವೈಟ್ ಎಂಬ ಡ್ರಮ್ ವಾದಕಿಯೊಡನೆ ‘ದ ವೈಟ್ ಸ್ಟ್ರೈಪ್ಸ್’ ಎಂಬ ಇಬ್ಬರದೇ ತಂಡವನ್ನು ಕಟ್ಟಿದ ಜ್ಯಾಕ್ ವೈಟ್, 2001ರಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿ, 2009ರಲ್ಲಿ ನ್ಯಾಶ್‌ವಿಲ್‌ನಲ್ಲಿ ಅದಕ್ಕೊಂದು ಕಟ್ಟಡ ಮತ್ತು ಅಂಗಡಿಯನ್ನು ಒದಗಿಸಿದ. 2003ರಲ್ಲಿ ಹೊರಬಂದ ಆ ತಂಡದ ‘ಸೆವೆನ್ ನೇಷನ್ ಆರ್ಮಿ’ ಹಾಡಿನ ರಾಗವನ್ನು, ಹಾಡಿದವರು ಯಾರೆಂದು ತಿಳಿಯದವರೂ, ಫುಟ್‌ಬಾಲ್ ಪಂದ್ಯಗಳಲ್ಲಿ ಪ್ರೇಕ್ಷಕರು ಗುನುಗುವುದನ್ನು ಕೇಳಿಯೇ ಇರುತ್ತಾರೆ. 2011ರಲ್ಲಿ ತಂಡ ವಿಸರ್ಜನೆಯಾಯಿತು. 2015ರಲ್ಲಿ ಡೆಟ್ರಾಯಿಟ್‌ನಲ್ಲಿ ಎರಡನೆಯ ಅಂಗಡಿ, 2017ರಲ್ಲಿ ಅದಕ್ಕೆ ತಗುಲಿಕೊಂಡೇ ತಟ್ಟೆ ಅಚ್ಚು ಹಾಕುವ ಕಾರ್ಖಾನೆ, 2021ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಮೂರನೆಯ ಅಂಗಡಿ ಆರಂಭವಾದವು. ಆದರೆ ಈ ದಿನಾಂಕಗಳಾವುವೂ ಒಂದು ಪ್ರಶ್ನೆಗೆ ಉತ್ತರ ಹೇಳುವುದಿಲ್ಲ: ತಾನು ಮಾಡಿದ ತಟ್ಟೆಯನ್ನು ಮಾರುವ ಬದಲು ಬಚ್ಚಿಡಬೇಕೆಂಬ ಆಸೆ ಈ ಮನುಷ್ಯನಿಗೆ ಎಲ್ಲಿಂದ ಬಂತು?

ಉತ್ತರವಿರುವುದು ಸೋಫಾ ರಿಪೇರಿಯ ಅಂಗಡಿಯೊಂದರಲ್ಲಿ. 1975ರಲ್ಲಿ ಡೆಟ್ರಾಯಿಟ್‌ನ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಹತ್ತು ಮಕ್ಕಳ ಪೈಕಿ ಕೊನೆಯವನಾಗಿ ಹುಟ್ಟಿದ ಜಾನ್ ಗಿಲ್ಲಿಸ್ (ಜ್ಯಾಕ್ ವೈಟ್‌ನ ಹುಟ್ಟುಹೆಸರು ಇದು) ಪಾದ್ರಿಯಾಗಲು ಸೆಮಿನರಿಗೆ ಸೇರುವುದರಲ್ಲಿದ್ದ. ಆಗಷ್ಟೇ ಕೊಂಡಿದ್ದ ಆಂಪ್ಲಿಫಯರನ್ನು ಅಲ್ಲಿಗೆ ಒಯ್ಯಲು ಬಿಡಲಾರರೆಂಬ ಅಳುಕಿನಿಂದ ಆ ದಾರಿ ಬಿಟ್ಟು ಊರಿನ ಶಾಲೆಗೇ ಹೋದನೆಂದು ಆತನೇ ಹೇಳಿಕೊಂಡಿದ್ದಾನೆ. ಹದಿಹರೆಯದಲ್ಲಿ ಕುಟುಂಬದ ಸ್ನೇಹಿತ ಬ್ರಯನ್ ಮಲ್ಡೂನ್ ಎಂಬ ಕುಶನ್ ಕೆಲಸಗಾರನ ಬಳಿ ಶಿಷ್ಯನಾಗಿ ಸೇರಿ, ಹಳೆಯ ಕುರ್ಚಿ–ಸೋಫಾಗಳ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ಹೊಸ ಹೊದಿಕೆ ಹೊದಿಸಿ ಮೊಳೆ ಹೊಡೆಯುವ ವಿದ್ಯೆಯನ್ನು ಕಲಿತ. ಕೆಲಸ ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಗುರು ಡ್ರಮ್ ಬಾರಿಸುತ್ತಿದ್ದ, ಶಿಷ್ಯ ಗಿಟಾರ್ ನುಡಿಸುತ್ತಿದ್ದ.

ಮುಂದೆ ವೈಟ್ ತನ್ನದೇ ಅಂಗಡಿಯನ್ನು ‘ಥರ್ಡ್ ಮ್ಯಾನ್ ಅಪ್‌ಹೋಲ್ಸ್‌ಟರಿ’ ಎಂಬ ಹೆಸರಿನಲ್ಲಿ ತೆರೆದ. ‘ಥರ್ಡ್ ಮ್ಯಾನ್’ ಎಂದರೆ ಮೂರನೆಯವನು; ಧ್ವನಿಮುದ್ರಣ ಸಂಸ್ಥೆಯ ಹೆಸರು ಬಂದದ್ದು ಅಲ್ಲಿಂದಲೇ. ಅಂಗಡಿಯ ಉಡುಪು, ಉಪಕರಣ, ವ್ಯಾನು ಎಲ್ಲವೂ ಹಳದಿ ಮತ್ತು ಕಪ್ಪು ಬಣ್ಣದವೇ ಆಗಿರಬೇಕೆಂಬ ಹಟ; ಗಿರಾಕಿಗಳಿಗೆ ಬಿಲ್ಲನ್ನು ಬಣ್ಣದ ಕ್ರೇಯಾನಿನಲ್ಲಿ ಬರೆದುಕೊಡುವ ತಮಾಷೆ; ಕುರ್ಚಿಯ ಒಳಮೈಯಲ್ಲಿ, ಬಟ್ಟೆ ಮುಚ್ಚಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ, ಕವಿತೆ ಬರೆದಿಡುವ ಅಭ್ಯಾಸ. ಮುಂದೊಂದು ದಿನ ಆ ಕುರ್ಚಿ ಇನ್ನೊಬ್ಬ ಕೆಲಸಗಾರನ ಕೈಗೆ ಹೋದಾಗ ಅವನೊಬ್ಬನೇ ಅದನ್ನು ಓದಬೇಕೆಂಬುದು ಉದ್ದೇಶ. ಗಿರಾಕಿಗಳಿಗೆ ಇದಾವುದೂ ರುಚಿಸಲಿಲ್ಲ, ಅಂಗಡಿಯೂ ನಡೆಯಲಿಲ್ಲ. ವ್ಯಾಪಾರದ ಲೆಕ್ಕದಲ್ಲಿ ನಗೆಪಾಟಲಾದ ಈ ಹುಚ್ಚಿನಲ್ಲಿಯೇ ಮುಂದಿನ ಎಲ್ಲವೂ ಇತ್ತೆಂದು ಹೇಳಬೇಕಾಗುತ್ತದೆ, ಏಕೆಂದರೆ ಬಣ್ಣಗಳ ಶಿಸ್ತು, ಮೂರು ಎಂಬ ಸಂಖ್ಯೆಯ ಮೋಹ, ಸಮಾನ ಕಸುಬಿನವನಿಗಷ್ಟೇ ಅರ್ಥವಾಗುವ ಗುಟ್ಟು, ಇವು ಮೂರೂ ಅಂಗಡಿಯಿಂದ ನೇರವಾಗಿ ಸಂಗೀತಕ್ಕೆ ದಾಟಿಕೊಂಡವು.

2004ರಲ್ಲಿ ಮಲ್ಡೂನನ ಅಂಗಡಿಗೆ 25 ವರ್ಷ ತುಂಬಿತು. ವೈಟ್ ಸ್ಟ್ರೈಪ್ಸ್ ಆಗ ಜಗತ್ಪ್ರಸಿದ್ಧವಾಗಿತ್ತು. ಗುರುಶಿಷ್ಯರಿಬ್ಬರೂ ‘ದಿ ಅಪ್‌ಹೋಲ್ಸ್‌ಟರರ್ಸ್’ ಎಂಬ ತಮ್ಮ ಹಳೆಯ ಜೋಡಿಯ ಹೆಸರಿನಲ್ಲಿ ಒಂದು ಪುಟ್ಟ ತಟ್ಟೆಯನ್ನು ಮುದ್ರಿಸಿ, ಸರಿಯಾಗಿ 100 ಪ್ರತಿ ಮಾಡಿಸಿ, ಆ ವರ್ಷ ಮಲ್ಡೂನ್ ರಿಪೇರಿಗೆ ತೆಗೆದುಕೊಂಡ ಪೀಠೋಪಕರಣಗಳ ಹೊಟ್ಟೆಯೊಳಗೆ ಒಂದೊಂದನ್ನು ಇಟ್ಟು ಹೊಲಿದುಬಿಟ್ಟರು. ತಟ್ಟೆ ಪಾರದರ್ಶಕ ವಿನೈಲಿನದು, ಹೊದಿಕೆಯೂ ಪಾರದರ್ಶಕ ಹಾಳೆಯದು. ಎಕ್ಸ್‌ರೇ ಹಿಡಿದು ನೋಡಿದರೂ ಸುಳಿವು ಸಿಗಬಾರದೆಂಬ ಎಚ್ಚರ ಅದರ ಹಿಂದಿತ್ತು. ಹಾಡು ಕೇಳಬೇಕಾದರೆ ಸೋಫಾ ಹರಿಯಬೇಕು. ಸೋಫಾ ಉಳಿಯಬೇಕಾದರೆ ಹಾಡಿನ ಆಸೆ ಬಿಡಬೇಕು. ಹತ್ತು ವರ್ಷಗಳ ನಂತರ, 2014ರ ಹೊತ್ತಿಗೆ, ಎರಡು ಪ್ರತಿಗಳು ಸಿಕ್ಕಿರುವ ಸುದ್ದಿ ಬಂತು. ಸೋಫಾದ ಹೊದಿಕೆ ಒಂದೆರಡು ದಶಕಗಳಲ್ಲಿ ಸವೆಯುವುದರಿಂದ, ಕುಶನ್ ಕೆಲಸದ ಸಹಜ ಲೆಕ್ಕದಂತೆ ಉಳಿದವು ಈಗ ಒಂದೊಂದಾಗಿ ಹೊರಬರಬೇಕಾದ ಕಾಲ. ಆದರೆ ಸವೆದ ಸೋಫಾವನ್ನು ರಿಪೇರಿಗೆ ಕೊಡುವ ಬದಲು ಬೀದಿಬದಿಗೆ ಇಟ್ಟು ಹೊಸತನ್ನು ತರುವ ರೂಢಿ ಅಮೆರಿಕದಲ್ಲಿ ಬಲವಾಗಿರುವುದರಿಂದ, ಅವುಗಳಲ್ಲಿ ಎಷ್ಟೋ ತಟ್ಟೆಗಳು ಯಾರ ಕಿವಿಗೂ ಬೀಳದೆ ಕಸದ ರಾಶಿ ಸೇರಿರಲೂ ಸಾಕು.

ತಟ್ಟೆ ತಯಾರಾಗುವ ಬಗೆಯನ್ನು ಇಲ್ಲಿ ಸ್ಥೂಲವಾಗಿ ಹೇಳಬಹುದು. ಲ್ಯಾಕರ್ ಎಂಬ ಮೆತ್ತನೆಯ ಲೇಪವಿರುವ ಅಲ್ಯೂಮಿನಿಯಂ ಫಲಕ ಲೇತ್ ಯಂತ್ರದ ಮೇಲೆ ತಿರುಗುತ್ತಿರುವಾಗ, ಧ್ವನಿಗೆ ತಕ್ಕಂತೆ ಕಂಪಿಸುವ ಮೊನೆಯೊಂದು ಅದರಲ್ಲಿ ಸುರುಳಿಯಾಕಾರದ ಒಂದೇ ಗೀರನ್ನು ಕೊರೆಯುತ್ತದೆ. ಆ ಗೀರಿನ ಎರಡು ಗೋಡೆಗಳಲ್ಲಿರುವ ಸೂಕ್ಷ್ಮ ಏರಿಳಿತವೇ ಹಾಡು. ಬಳಿಕ ಫಲಕಕ್ಕೆ ಬೆಳ್ಳಿಯ ತೆಳು ಪದರ ಬಳಿದು, ನಿಕ್ಕಲ್ ಲೇಪಿಸಿ, ಅದರಿಂದ ಉಲ್ಟಾ ಅಚ್ಚು ತೆಗೆಯುತ್ತಾರೆ. ಸ್ಟ್ಯಾಂಪರ್ ಎಂಬ ಆ ಅಚ್ಚುಗಳ ಜೋಡಿಯ ನಡುವೆ ಕಾದ ಪಿವಿಸಿ ಮುದ್ದೆಯನ್ನಿಟ್ಟು ಒತ್ತಿದರೆ ತಟ್ಟೆ ಸಿದ್ಧ. ಹನ್ನೆರಡು ಅಂಗುಲದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಬದಿಯಲ್ಲಿ ಸುಮಾರು 20 ನಿಮಿಷದ ಸಂಗೀತವನ್ನು ಚೆನ್ನಾಗಿ ಹಿಡಿಯುತ್ತದೆ. ಇದು 1948ರಲ್ಲಿ ಕೊಲಂಬಿಯಾ ಕಂಪನಿ ಬಳಕೆಗೆ ತಂದ ರೂಪ. ಅದಕ್ಕೆ ಮೊದಲಿನ 78 ಸುತ್ತಿನ ತಟ್ಟೆಗಳಿಗೆ ಬೇಕಾಗಿದ್ದ ಅರಗು ಬಹುಮಟ್ಟಿಗೆ ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು.

ಗೀರಿನ ಈ ಸರಳ ತತ್ತ್ವದೊಳಗೂ ಬಚ್ಚಿಡಲು ಜಾಗವಿದೆ ಎಂಬುದನ್ನು ವೈಟ್ ತನ್ನ ‘ಲಜರೆಟ್ಟೊ’ ಎಂಬ 2014ರ ತಟ್ಟೆಯಲ್ಲಿ ತೋರಿಸಿದ. ಅದರ ಒಂದು ಬದಿ ಹೊರಗಿನಿಂದ ಒಳಕ್ಕಲ್ಲ, ಒಳಗಿನಿಂದ ಹೊರಕ್ಕೆ ನುಡಿಯುತ್ತದೆ. ನಡುವಿನ ಕಾಗದದ ಲೇಬಲ್ಲಿನ ಅಡಿಯಲ್ಲಿ, ಒಂದು ಬದಿಗೆ 45ರ ವೇಗದಲ್ಲಿ, ಇನ್ನೊಂದು ಬದಿಗೆ 78ರ ವೇಗದಲ್ಲಿ ನುಡಿಯುವ ಎರಡು ಗುಪ್ತ ಹಾಡುಗಳಿವೆ. ಒಂದು ಹಾಡಿನ ಆರಂಭದಲ್ಲಿ ಎರಡು ಗೀರುಗಳು ಅಕ್ಕಪಕ್ಕ ಹರಿಯುವುದರಿಂದ ಮುಳ್ಳು ಎಲ್ಲಿ ಇಳಿಯಿತೆಂಬುದರ ಮೇಲೆ ವಿದ್ಯುತ್ ಗಿಟಾರಿನ ಪೀಠಿಕೆಯೋ ಮರದ ಗಿಟಾರಿನ ಪೀಠಿಕೆಯೋ ಕೇಳಿಸುತ್ತದೆ, ಮುಂದೆ ಎರಡೂ ಒಂದೇ ಗೀರಿಗೆ ಸೇರಿಕೊಳ್ಳುತ್ತವೆ. ತಟ್ಟೆ ತಿರುಗುವಾಗ ಓರೆಯಾಗಿ ಬೆಳಕು ಬಿದ್ದರೆ, ಟ್ರಿಸ್ಟನ್ ಡ್ಯೂಕ್ ಎಂಬ ಕಲಾವಿದ ಕೈಯಿಂದ ಕೊರೆದ ದೇವತೆಯ ಚಿತ್ರವೊಂದು ಅದರ ಮೇಲೆ ತೇಲುತ್ತದೆ. ಮೊದಲ ವಾರದಲ್ಲೇ ಅದರ ಸುಮಾರು 40,000 ತಟ್ಟೆಗಳು ಮಾರಾಟವಾದವು. 1991ರಲ್ಲಿ ಅಮೆರಿಕದಲ್ಲಿ ಮಾರಾಟದ ಗಣಕೀಕೃತ ಲೆಕ್ಕ ಶುರುವಾದ ಮೇಲೆ ಒಂದು ವಾರದಲ್ಲಿ ಅಷ್ಟು ತಟ್ಟೆ ಮಾರಾಟವಾದದ್ದು ಅದೇ ಮೊದಲು.

ಇಂಥ ಆಟಗಳನ್ನು ಆಡುವುದು ಸ್ವಂತ ಕಾರ್ಖಾನೆ ಇರುವವನಿಗೆ ಸುಲಭ. ಇಲ್ಲದವರ ಪಾಡು ಬೇರೆ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಪ್ರಪಂಚದ ಬಹುಪಾಲು ಲ್ಯಾಕರ್ ಫಲಕಗಳ ಮೂಲವೇ ಮುಚ್ಚಿಹೋಗಿ, ಜಪಾನಿನ ಒಂದೇ ಕಂಪನಿಯನ್ನು ಎಲ್ಲರೂ ನೆಚ್ಚಬೇಕಾಯಿತು. ಇತ್ತ ಬೇಡಿಕೆ ಏರುತ್ತಲೇ ಹೋಯಿತು: 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ತಟ್ಟೆಗಳೂ 3.3 ಕೋಟಿ ಸಿ.ಡಿ.ಗಳೂ ಮಾರಾಟವಾಗಿ, 1987ರ ನಂತರ ಮೊದಲ ಬಾರಿಗೆ ತಟ್ಟೆ ಸಿ.ಡಿ.ಯನ್ನು ಸಂಖ್ಯೆಯಲ್ಲಿ ಹಿಂದಿಕ್ಕಿತು. ತಟ್ಟೆಯನ್ನು ಮೂಲೆಗುಂಪು ಮಾಡಿ ತಮ್ಮ ಅಚ್ಚಿನ ಯಂತ್ರಗಳನ್ನು ಎಂದೋ ಕಳಚಿದ್ದ ದೊಡ್ಡ ಕಂಪನಿಗಳು ಈಗ ಪ್ರಸಿದ್ಧ ಗಾಯಕರ ಲಕ್ಷಗಟ್ಟಲೆ ಪ್ರತಿಗಳಿಗಾಗಿ ಅದೇ ಕೆಲವು ಕಾರ್ಖಾನೆಗಳ ಬಾಗಿಲಿಗೆ ಬಂದವು. ಮುನ್ನೂರು ಪ್ರತಿ ಬೇಕಾದ ಸ್ವತಂತ್ರ ಗಾಯಕಿ ತಿಂಗಳುಗಟ್ಟಲೆ ಸರದಿಯಲ್ಲಿ ನಿಂತಳು. ತಟ್ಟೆಯ ದುರ್ದಿನಗಳಲ್ಲಿ ಆ ಕಾರ್ಖಾನೆಗಳನ್ನು ಬದುಕಿಸಿದ್ದು ಇಂಥ ಚಿಲ್ಲರೆ ಬೇಡಿಕೆಗಳೇ ಎಂಬುದನ್ನು ನೆನೆದರೆ ಇದರಲ್ಲಿ ಅನ್ಯಾಯದ ವಾಸನೆ ಇದ್ದೇ ಇದೆ. 2022ರ ಮಾರ್ಚ್‌ನಲ್ಲಿ ವೈಟ್ ಬಹಿರಂಗ ಮನವಿಯೊಂದನ್ನು ಹೊರಡಿಸಿ, ಮೂರೂ ದೊಡ್ಡ ಕಂಪನಿಗಳು ತಮ್ಮದೇ ಕಾರ್ಖಾನೆಗಳನ್ನು ಕಟ್ಟಿಕೊಳ್ಳಬೇಕೆಂದು ಕೇಳಿದ. ತನ್ನ ಕಾರ್ಖಾನೆಗೆ ಬರುವ ವ್ಯಾಪಾರವನ್ನು ಬೇರೆಡೆಗೆ ಒಯ್ಯಿರೆಂದು ಕೇಳುವ ಕಾರ್ಖಾನೆದಾರರು ಅಪರೂಪ.

ಇನ್ನು ಕಾಯುವವರ ವಿಷಯ. 2009ರಿಂದ ಸಂಸ್ಥೆ ‘ವಾಲ್ಟ್’, ಅಂದರೆ ತಿಜೋರಿ, ಎಂಬ ಚಂದಾ ವ್ಯವಸ್ಥೆಯನ್ನು ನಡೆಸುತ್ತಿದ್ದು, ಚಂದಾದಾರರಿಗೆ ಮೂರು ತಿಂಗಳಿಗೊಮ್ಮೆ ಬೇರೆಲ್ಲೂ ಸಿಗದ ತಟ್ಟೆಗಳ ಪೊಟ್ಟಣವನ್ನು ಅಂಚೆಯಲ್ಲಿ ಕಳುಹಿಸುತ್ತದೆ. ಸಾಮಾನ್ಯ ಎಲ್‌ಪಿಯೇ 25–35 ಡಾಲರ್ ಆಗಿರುವಾಗ ಇಂಥ ಭಕ್ತಿ ಬಡವರ ಕೈಗೆಟುಕುವಂಥದ್ದಲ್ಲ. ‘ತಟ್ಟೆಯಲ್ಲಿ ಮಾತ್ರ’ ಎನ್ನುವ ನಿಯಮ ಸಾಧನ ಇಲ್ಲದವರನ್ನು ಹೊರಗಿಡುತ್ತದೆಂಬ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. 2024ರ ಬಿಳಿ ತಟ್ಟೆ ಈ ಆಕ್ಷೇಪಕ್ಕೆ ಅರ್ಧ ಉತ್ತರವನ್ನಾದರೂ ಕೊಟ್ಟಿತು, ಏಕೆಂದರೆ ಅದು ಪುಕ್ಕಟೆಯಾಗಿತ್ತು, ನಕಲಿಗೆ ಅನುಮತಿಯೂ ಇತ್ತು. ಎರಡು ವಾರಗಳ ಕಾಲ ಜನ ಒಬ್ಬರಿಂದೊಬ್ಬರು ಪಡೆದ ನಕಲುಗಳಲ್ಲಿ, ಶೀರ್ಷಿಕೆ ತಿಳಿಯದ ಹಾಡುಗಳನ್ನು ಮೊದಲನೆಯದು, ಎರಡನೆಯದು ಎಂದು ಎಣಿಸಿಕೊಂಡೇ ಕೇಳಬೇಕಾಯಿತು. ಆಗಸ್ಟ್ 2ರಂದು ಅದೇ ಹಾಡುಗಳು ಶೀರ್ಷಿಕೆಗಳೊಂದಿಗೆ ಅಂಗಡಿಗಳಿಗೂ ಅಂತರಜಾಲಕ್ಕೂ ಬಂದವು. ಮುಂದೆ ಆಲ್ಬಮ್ ಗ್ರ್ಯಾಮಿ ಪ್ರಶಸ್ತಿಯ ಅತ್ಯುತ್ತಮ ರಾಕ್ ಆಲ್ಬಮ್ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಹಂಚಿಕೊಳ್ಳಲೆಂದು ಕೊಟ್ಟ ಆ ಬಿಳಿ ತಟ್ಟೆಗಳಾದರೋ ಈಗ ಸಂಗ್ರಾಹಕರ ಸಂತೆಯಲ್ಲಿ ದುಬಾರಿ ಸರಕಾಗಿವೆ, ಮತ್ತು ಒಮ್ಮೆಯೂ ಮುಳ್ಳು ತಾಗದ ಪ್ರತಿಗೇ ಹೆಚ್ಚು ಬೆಲೆ ಎಂಬುದು ಆ ಸಂತೆಯ ಹಳೆಯ ಕಟ್ಟಳೆ.